ಕೌಬಾಯ್ ಇನ್ನೂ ಬಂದಿಲ್ಲ

"ಇನ್ನೂ ಬರ್ಲಿಲ್ವಲ್ಲೋ ಅವ್ನು?"

ಮಂಗಳವಾರ ಬೆಳಿಗ್ಗೆ ಅಪ್ಪ ಹೀಗೆ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಜಾಝ್ ಪಿಯಾನೋ ವಾದಕ ಫ್ರೆಡ್ಡಿ ರೆಡ್ ಅವರ ‘ದ ಮ್ಯೂಸಿಕ್ ಫ್ರಮ್ ದ ಕನೆಕ್ಷನ್’ ಆಲ್ಬಮ್ ಹಾಕಿಕೊಂಡು ಕೂತಿದ್ದೆ. ಆ ಸಂಗೀತ ಹುಟ್ಟಿದ್ದೇ ‘ದ ಕನೆಕ್ಷನ್’ ಅನ್ನೋ ಕಾಯುವವರ ನಾಟಕಕ್ಕೆ. ಜ್ಯಾಕ್ ಗೆಲ್ಬರ್ ಬರೆದಿದ್ದು, ನ್ಯೂಯಾರ್ಕಿನ ಲಿವಿಂಗ್ ಥಿಯೇಟರ್ ತಂಡ 1959ರಲ್ಲಿ ಆಡಿದ್ದು. ಒಂದು ಕೋಣೆಯಲ್ಲಿ ಹೆರಾಯಿನ್ ಚಟದ ಒಂದಷ್ಟು ಜನ. ಮಾಲು ತರೋ ಕೌಬಾಯ್ ಅನ್ನೋನಿಗೆ ಕಾಯ್ತಾ ಇರ್ತಾರೆ. ಜೊತೆಗೆ ನಾಲ್ವರು ಜಾಝ್ ವಾದಕರೂ ರಂಗದ ಮೇಲೇ ಇರ್ತಾರೆ.

ಜಾಝ್ ಗಂಧಗಾಳಿ ಇಲ್ಲದ ಅಪ್ಪನಿಗೆ ಇದು ಹೇಗೆ ಹೊಳೀತು?

ಹೊಳೆದಿರಲಿಲ್ಲ. ಅವರು ಕೇಳಿದ್ದು ಗ್ಯಾಸ್ ಸಿಲಿಂಡರ್ ಹುಡುಗನ ಬಗ್ಗೆ.

ಆಫೀಸಿನ ಗೆಳೆಯನಿಗೆ ಹೇಳಿದೆ, ನಗಲಿಲ್ಲ. ಅವನ ಪ್ರಕಾರ ಜಾಝ್ ಅಂದ್ರೆ ದೊಡ್ಡ ಹೋಟೆಲ್ ಲಾಬಿಯಲ್ಲಿ ಸುಮ್ನೆ ಕೇಳಿಸ್ತಾ ಇರೋ ಸದ್ದು. ಯಾವುದನ್ನೂ ಪೂರ್ತಿ ಕೇಳದೆ ತೀರ್ಪು ಕೊಡೋದರಲ್ಲಿ ಅವನು ನಿಸ್ಸೀಮ.

ಆದರೆ ಅಪ್ಪನ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ಇನ್ನೂ ಬರ್ಲಿಲ್ವಲ್ಲೋ. ರಾತ್ರಿ ಊಟಕ್ಕೆ ಕೂತಾಗ ಅವರಿಗೆ ನಾಟಕದ ಕಥೆ ಹೇಳಿದೆ. ಅಪ್ಪ ಚಿಕ್ಕವಯಸ್ಸಲ್ಲಿ ಊರಿನ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವರು. "ನಮ್ದೂ ಅದೇ ಕೆಲಸ. ಒಳಗೆ ಬಣ್ಣ ಮುಗಿಯೋವರೆಗೂ ಎಳೀತಾ ಇರ್ಬೇಕು. ಜನಕ್ಕೆ ಬೇಜಾರಾಗ್ಬಾರ್ದು, ಮುಗೀತು ಅಂತಲೂ ಅನ್ನಿಸ್ಬಾರ್ದು" ಅಂದರು. ಈ ಆಲ್ಬಮ್ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಎಲ್ಲೂ ಓದಿಲ್ಲ.

ಮತ್ತೆ ಹಾಕಿದೆ. ಏಳು ರಚನೆ, ಎಲ್ಲವೂ ರೆಡ್ ಅವರವೇ. 1960ರ ಫೆಬ್ರವರಿಯಲ್ಲಿ ಬ್ಲೂ ನೋಟ್ ಕಂಪನಿಗೆ ರೆಕಾರ್ಡ್ ಆದದ್ದು. ಪಿಯಾನೋ ರೆಡ್ ಅವರದು, ಆಲ್ಟೋ ಸ್ಯಾಕ್ಸೊಫೋನ್ ಜಾಕಿ ಮೆಕ್ಲೀನ್ ಅವರದು. ನಾಟಕದಲ್ಲಿ ಈ ವಾದಕರಿಗೆ ಬೇರೆ ಹೆಸರಿರಲಿಲ್ಲ. ಫ್ರೆಡ್ಡಿ ಅಂದ್ರೆ ಫ್ರೆಡ್ಡಿ, ಜಾಕಿ ಅಂದ್ರೆ ಜಾಕಿ.

ನನ್ನನ್ನು ಕಾಡೋದು ಮೆಕ್ಲೀನ್. ಆಗ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ನುಡಿಸಬೇಕಾದರೆ ಪೊಲೀಸರು ಕೊಡೋ ಕಾರ್ಡ್ ಬೇಕಿತ್ತು. ಡ್ರಗ್ಸ್ ಕೇಸಿನಿಂದಾಗಿ ಅವರ ಕಾರ್ಡ್ ಹೋಗಿತ್ತು. ನಾಟಕಕ್ಕೆ ಆ ಕಾರ್ಡ್ ಬೇಕಿರಲಿಲ್ಲ. ಯಾವ ಚಟ ಅವರ ದುಡಿಮೆ ಕಿತ್ತುಕೊಂಡಿತೋ, ಅದೇ ಚಟದ ನಾಟಕದಲ್ಲಿ ತಮ್ಮದೇ ಹೆಸರಲ್ಲಿ ನಿಂತು ಅವತ್ತಿನ ಅನ್ನ ಸಂಪಾದಿಸಬೇಕು. ಜನ ಟಿಕೆಟ್ ಕೊಟ್ಟು ನೋಡ್ತಿದ್ದುದು ವೇಷವನ್ನೋ, ಮನುಷ್ಯನನ್ನೋ? ರೆಕಾರ್ಡಿನಲ್ಲಿ ಕೋಣೆ ಇಲ್ಲ, ಸಂಭಾಷಣೆ ಇಲ್ಲ, ಕೌಬಾಯ್ ಇಲ್ಲ. ಸ್ಯಾಕ್ಸೊಫೋನಿನ ಆ ಚೂರು ಹುಳಿ ದನಿ ಮಾತ್ರ ಉಳಿದಿದೆ. ಅದರಲ್ಲಿ ವೇಷ ಎಲ್ಲಿಂದ ಹುಡುಕೋದು?

ಕೊನೆಯ ರಚನೆಯ ಹೆಸರು ‘ಓ.ಡಿ.’ ಅಂದ್ರೆ ಓವರ್‌ಡೋಸ್. ಅಪ್ಪನಿಗೆ ಅದನ್ನು ಹೇಳಲಿಲ್ಲ.

ಗುರುವಾರ ಬೆಲ್ ಆಯ್ತು. ಅಪ್ಪ ಎದ್ದು ಓಡಿದರು. ಕೊರಿಯರ್‌ನವನು.