ಸಂಗಣ್ಣ ಕರಡಿಯವರ ಪಕ್ಷಾಂತರ ಮತ್ತು ಕೊಪ್ಪಳದ ಮತದಾರ ಕೊಡಲಾಗದ ತೀರ್ಪು

ಕೊಪ್ಪಳ ಲೋಕಸಭಾ ಕ್ಷೇತ್ರವನ್ನು ಹತ್ತು ವರ್ಷ ಪ್ರತಿನಿಧಿಸಿದ ಸಂಗಣ್ಣ ಕರಡಿಯವರು 2024ರ ಏಪ್ರಿಲ್‌ನಲ್ಲಿ ಟಿಕೆಟ್ ಸಿಗದೆ ಬಿಜೆಪಿ ತೊರೆದು ಕಾಂಗ್ರೆಸ್ ಸೇರಿದರು. ಆ ದಿನಗಳಲ್ಲಿ ನಮ್ಮ ಊರಲ್ಲಿ ನಡೆದ ಚರ್ಚೆಯೆಲ್ಲ ಅವರಿಗೆ ಅನ್ಯಾಯವಾಯಿತೋ, ಅವರೇ ಪಕ್ಷಕ್ಕೆ ಅನ್ಯಾಯ ಮಾಡಿದರೋ ಎಂಬುದರ ಸುತ್ತಲೇ ಸುತ್ತಿತು. ನನ್ನನ್ನು ಇಂದಿಗೂ ಕಾಡುವುದು ಬೇರೆ ಪ್ರಶ್ನೆ. ಅವರ ಎರಡು ಅವಧಿಯ ಕೆಲಸ ಸರಿಯಿತ್ತೋ ಇಲ್ಲವೋ ಎಂದು ಹೇಳುವ ಹಕ್ಕು ಈ ಕ್ಷೇತ್ರದ ಮತದಾರರದ್ದಾಗಿತ್ತು. ಆ ಹಕ್ಕನ್ನು ಚಲಾಯಿಸುವ ಅವಕಾಶವೇ ನಮಗೆ ಸಿಗಲಿಲ್ಲ.

ಅವರ ರಾಜಕೀಯ ಪಯಣವನ್ನು ಮೊದಲಿನಿಂದ ನೋಡಿದರೆ ಮಾತ್ರ ಇದರ ತೂಕ ತಿಳಿಯುತ್ತದೆ. 1994ರಲ್ಲಿ ಅವರು ಕೊಪ್ಪಳ ವಿಧಾನಸಭಾ ಕ್ಷೇತ್ರದಿಂದ ಗೆದ್ದದ್ದು ಪಕ್ಷೇತರರಾಗಿ. ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ಭಾಗ. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1999ರಲ್ಲಿ ಅವರು ಸಂಯುಕ್ತ ಜನತಾದಳದಿಂದ, 2008ರಲ್ಲಿ ಜಾತ್ಯತೀತ ಜನತಾದಳದಿಂದ ಆಯ್ಕೆಯಾದರು. 2011ರಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಅದೇ ಸೆಪ್ಟೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿಯಾಗಿ ಮತ್ತೆ ಗೆದ್ದರು. 2013ರಲ್ಲಿ ಸೋತರು, 2014ರಲ್ಲಿ ಲೋಕಸಭೆಗೆ ಹೋದರು, 2019ರಲ್ಲಿ ಮರು ಆಯ್ಕೆಯಾದರು. ಪಕ್ಷದ ಹೆಸರು ಬದಲಾಗುತ್ತ ಹೋದರೂ ಕೊಪ್ಪಳದ ಹಳ್ಳಿಗಳಲ್ಲಿ ಜನ 'ಸಂಗಣ್ಣ' ಎಂದೇ ಕರೆಯುತ್ತಿದ್ದರು, ಈಗಲೂ ಹಾಗೆಯೇ ಕರೆಯುತ್ತಾರೆ. ಪಕ್ಷೇತರರಾಗಿ ಗೆದ್ದು ಬಂದವರಿಗೆ ಜನರೊಂದಿಗೆ ಇರುವ ಈ ನೇರ ನಂಟನ್ನು ನಾನು ಲಘುವಾಗಿ ಕಾಣುವುದಿಲ್ಲ.

ಈ ಪಯಣದ ಇನ್ನೊಂದು ಬದಿಯಲ್ಲಿ ಹಿಟ್ನಾಳ ಕುಟುಂಬವಿದೆ. 2011ರ ಉಪಚುನಾವಣೆಯಲ್ಲಿ ಸಂಗಣ್ಣನವರ ಎದುರು ನಿಂತವರು ಕಾಂಗ್ರೆಸ್ಸಿನ ಬಸವರಾಜ ಹಿಟ್ನಾಳ. 2013ರಲ್ಲಿ ಸಂಗಣ್ಣನವರನ್ನು ಸೋಲಿಸಿದವರು ಬಸವರಾಜರ ಮಗ ರಾಘವೇಂದ್ರ ಹಿಟ್ನಾಳ. 2014ರ ಲೋಕಸಭಾ ಚುನಾವಣೆಯಲ್ಲಿ ಮತ್ತೆ ಬಸವರಾಜರೇ ಎದುರಾಳಿ, ಸಂಗಣ್ಣನವರ ಗೆಲುವಿನ ಅಂತರ 32,414 ಮತ. 2019ರಲ್ಲಿ ಇನ್ನೊಬ್ಬ ಮಗ ರಾಜಶೇಖರ ಹಿಟ್ನಾಳರ ವಿರುದ್ಧ 38,397 ಮತಗಳ ಗೆಲುವು. ವಿಧಾನಸಭೆಯ ಕಣದಲ್ಲೂ ಇದೇ ಪೈಪೋಟಿ ಮುಂದುವರಿಯಿತು: 2018ರಲ್ಲಿ ಸಂಗಣ್ಣನವರ ಮಗ ಅಮರೇಶ, 2023ರಲ್ಲಿ ಸೊಸೆ ಮಂಜುಳಾ ಅವರು ಬಿಜೆಪಿ ಅಭ್ಯರ್ಥಿಗಳಾಗಿ ರಾಘವೇಂದ್ರರ ಎದುರು ಸೋತರು. 2018ರಲ್ಲಿ ಮೊದಲು ಸಿ.ವಿ. ಚಂದ್ರಶೇಖರ್ ಅವರ ಹೆಸರನ್ನು ಘೋಷಿಸಿದ್ದ ಪಕ್ಷ ಆಮೇಲೆ ಅಮರೇಶರಿಗೆ ಟಿಕೆಟ್ ಕೊಟ್ಟಿತ್ತು. 2023ರಲ್ಲಿ ಚಂದ್ರಶೇಖರ್ ಜೆಡಿಎಸ್ ಸೇರಿ ಕಣಕ್ಕಿಳಿದರು. ಒಂದೇ ಮನೆತನಕ್ಕೆ ಎರಡು ಬಾರಿ ಟಿಕೆಟ್ ಕೊಟ್ಟು ಎರಡು ಬಾರಿಯೂ ಸೋತ ಲೆಕ್ಕ 2024ರಲ್ಲಿ ಪಕ್ಷದ ವರಿಷ್ಠರ ಮುಂದೆ ಇದ್ದೇ ಇರಬೇಕು ಎಂಬುದು ನನ್ನ ಊಹೆ.

2024ರ ಮಾರ್ಚ್‌ನಲ್ಲಿ ಬಿಜೆಪಿ ವೈದ್ಯ ಬಸವರಾಜ ಕ್ಯಾವಟರ್ ಅವರಿಗೆ ಟಿಕೆಟ್ ಕೊಟ್ಟಿತು. ಏಪ್ರಿಲ್ ಮಧ್ಯದಲ್ಲಿ ಸಂಗಣ್ಣನವರು ಸಂಸದ ಸ್ಥಾನಕ್ಕೂ ಪಕ್ಷಕ್ಕೂ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಸೇರಿದರು. ಮೇ 7ರಂದು ಮತದಾನ ನಡೆಯಿತು. ಆ ಮೂರು ವಾರ ಅವರು ಯಾರ ಪರ ನಿಂತಿದ್ದರೋ ಆ ಅಭ್ಯರ್ಥಿ, ಐದು ವರ್ಷಗಳ ಹಿಂದೆ ಅವರೇ ಸೋಲಿಸಿದ್ದ ರಾಜಶೇಖರ ಹಿಟ್ನಾಳ. ರಾಜಶೇಖರರು 46,357 ಮತಗಳಿಂದ ಗೆದ್ದರು.

ಇಲ್ಲಿ ನಾನು 2011ನ್ನೂ 2024ನ್ನೂ ಬೇರೆಬೇರೆಯಾಗಿ ತೂಗುತ್ತೇನೆ. 2011ರ ನಡೆಯನ್ನು ಆಗ ಬಹಳ ಮಂದಿ ಖಂಡಿಸಿದರು, ಖಂಡಿಸುವುದಕ್ಕೆ ಕಾರಣವೂ ಇತ್ತು. 2008ರಿಂದ ರಾಜ್ಯದಲ್ಲಿ 'ಆಪರೇಷನ್ ಕಮಲ' ಎಂದು ಹೆಸರಾದ ವಿಧಾನವೇ ಅದು: ಗೆದ್ದ ಶಾಸಕ ರಾಜೀನಾಮೆ ಕೊಡುವುದು, ಆಡಳಿತ ಪಕ್ಷದಿಂದ ಉಪಚುನಾವಣೆಗೆ ನಿಲ್ಲುವುದು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ, ಅಂದರೆ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ, ಸದನದ ಸದಸ್ಯನು ತನ್ನ ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ಬಿಟ್ಟರೆ ಅಥವಾ ಸಚೇತಕಾಜ್ಞೆ (ವಿಪ್) ಮೀರಿ ಮತ ಹಾಕಿದರೆ ಅನರ್ಹನಾಗುತ್ತಾನೆ. ಸ್ಥಾನಕ್ಕೇ ರಾಜೀನಾಮೆ ಕೊಟ್ಟವನನ್ನು ಈ ಕಾನೂನು ಹಿಡಿಯುವುದು ಕಷ್ಟ. ಆ ಉಪಚುನಾವಣೆಯಲ್ಲಿ ಆಡಳಿತ ಪಕ್ಷದ ಮಂತ್ರಿಗಳು ಕೊಪ್ಪಳದಲ್ಲಿ ಠಿಕಾಣಿ ಹೂಡಿದ್ದರು, ಕಣ ಸಮವಾಗಿರಲಿಲ್ಲ. ಆದರೂ, ಪಕ್ಷ ಬದಲಿಸಿದ ವ್ಯಕ್ತಿ ತನ್ನ ಹೆಸರಿನಲ್ಲೇ ಜನರ ಮುಂದೆ ಬಂದು ನಿಂತಿದ್ದರು. ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರ ನಮ್ಮ ಕೈಯಲ್ಲಿತ್ತು. ಅಂದು ಜನ ಒಪ್ಪಿದರು, ಎರಡು ವರ್ಷಗಳ ನಂತರದ ಸಾರ್ವತ್ರಿಕ ಚುನಾವಣೆಯಲ್ಲಿ ತಿರಸ್ಕರಿಸಿದರು. ಎರಡೂ ತೀರ್ಪುಗಳು ಜನರವೇ.

ಆ ಅಧಿಕಾರ ಎಷ್ಟು ದೊಡ್ಡದೆಂಬುದನ್ನು ಇದೇ ಲೋಕಸಭಾ ಕ್ಷೇತ್ರದ ಮಸ್ಕಿ ತೋರಿಸಿಕೊಟ್ಟಿದೆ. ಪ್ರತಾಪಗೌಡ ಪಾಟೀಲರು ಅಲ್ಲಿ 2008ರಲ್ಲಿ ಬಿಜೆಪಿಯಿಂದ, 2013 ಮತ್ತು 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದವರು. 2018ರ ಅಂತರ ಬರೀ 213 ಮತ. 2019ರಲ್ಲಿ ಅವರು ರಾಜೀನಾಮೆ ಕೊಟ್ಟರು, ಆಗ ಅನರ್ಹರಾದ ಹದಿನೇಳು ಶಾಸಕರಲ್ಲಿ ಅವರೂ ಒಬ್ಬರು. ಆ ಶಾಸಕರ ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದರೂ ಚುನಾವಣೆಗೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಚುನಾವಣಾ ತಕರಾರು ಅರ್ಜಿ ಬಾಕಿಯಿದ್ದುದರಿಂದ ಮಸ್ಕಿಯ ಉಪಚುನಾವಣೆ 2021ರ ಏಪ್ರಿಲ್‌ವರೆಗೂ ನಡೆಯಲಿಲ್ಲ, ಹೆಚ್ಚುಕಡಿಮೆ ಎರಡು ವರ್ಷ ಆ ಜನರಿಗೆ ಶಾಸಕರೇ ಇರಲಿಲ್ಲ. ಕೊನೆಗೆ ಮತ ಹಾಕುವ ದಿನ ಬಂದಾಗ ಅವರು ಮೂವತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ, ಬಿಜೆಪಿಗೆ ಹೋಗಿ ನಿಂತಿದ್ದ ಪಾಟೀಲರನ್ನು ಸೋಲಿಸಿ ಕಾಂಗ್ರೆಸ್ಸಿನ ಬಸನಗೌಡ ತುರ್ವಿಹಾಳರನ್ನು ಗೆಲ್ಲಿಸಿದರು. ತುರ್ವಿಹಾಳರೂ 2018ರಲ್ಲಿ ಬಿಜೆಪಿ ಅಭ್ಯರ್ಥಿಯಾಗಿದ್ದವರೇ ಎಂಬುದನ್ನು ಇಲ್ಲಿ ಹೇಳಲೇಬೇಕು. ಪಕ್ಷ ಬದಲಿಸಿದವರಿಬ್ಬರ ನಡುವೆಯೇ ಆಯ್ಕೆ ನಡೆಯಿತು. ಆದರೂ ಪ್ರಶ್ನೆ ಮತಪೆಟ್ಟಿಗೆಯ ಮುಂದೆ ಬಂತು, ಉತ್ತರವೂ ಬಂತು.

2024ರಲ್ಲಿ ಅದು ಆಗಲಿಲ್ಲ. ಹದಿನೇಳನೆಯ ಲೋಕಸಭೆಯ ಕೊನೆಯ ಅಧಿವೇಶನ ಫೆಬ್ರುವರಿಯಲ್ಲೇ ಮುಗಿದಿತ್ತು, ಆದ್ದರಿಂದ ಏಪ್ರಿಲ್‌ನಲ್ಲಿ ಕೊಟ್ಟ ರಾಜೀನಾಮೆಯಿಂದ ಸದನದಲ್ಲಿ ಏನೂ ಬದಲಾಗಲಿಲ್ಲ. ಪಕ್ಷಾಂತರ ನಿಷೇಧ ಕಾನೂನು ತಲೆಹಾಕುವ ಸಂದರ್ಭವೂ ಉಳಿದಿರಲಿಲ್ಲ. ಮೊದಲು ಪಕ್ಷ ಅವರನ್ನು ಅಭ್ಯರ್ಥಿಗಳ ಪಟ್ಟಿಯಿಂದ ತೆಗೆಯಿತು, ಆಮೇಲೆ ಅವರು ತಮ್ಮನ್ನೇ ಇನ್ನೊಂದು ಪಕ್ಷಕ್ಕೆ ಒಪ್ಪಿಸಿದರು. ನಡುವೆ ಹತ್ತು ವರ್ಷಗಳ ಲೆಕ್ಕ ಯಾರೂ ಓದದೆ ಹಾಗೇ ಉಳಿಯಿತು. ಈ ದೋಷದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪಕ್ಷದ್ದೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಹಾಲಿ ಸಂಸದನನ್ನು ಯಾಕೆ ಕೈಬಿಟ್ಟೆವು ಎಂದು ಕ್ಷೇತ್ರದ ಜನರಿಗೆ ವಿವರಿಸುವ ಹೊಣೆಯನ್ನು ನಮ್ಮ ಯಾವ ಪಕ್ಷವೂ ಹೊತ್ತುಕೊಂಡಿಲ್ಲ.

ಆ ಲೆಕ್ಕದಲ್ಲಿ ಓದುವುದಕ್ಕೆ ಬೇಕಾದಷ್ಟಿತ್ತು. ಕೊಪ್ಪಳ ಲೋಕಸಭಾ ಕ್ಷೇತ್ರ ಮೂರು ಜಿಲ್ಲೆಗಳಲ್ಲಿ ಹರಡಿದೆ: ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾಗಳ ಜೊತೆಗೆ ರಾಯಚೂರಿನ ಸಿಂಧನೂರು, ಮಸ್ಕಿ, ಬಳ್ಳಾರಿಯ ಸಿರುಗುಪ್ಪ. ಗಿಣಿಗೇರಾದಿಂದ ಮೆಹಬೂಬನಗರಕ್ಕೆ ಹೋಗಬೇಕಾದ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ. ಎರಡು ದಶಕ ಆಮೆಗತಿಯಲ್ಲಿದ್ದ ಆ ಕೆಲಸ ಸಂಗಣ್ಣನವರ ಅವಧಿಯಲ್ಲಿ ಗಂಗಾವತಿ, ಕಾರಟಗಿಗಳನ್ನು ದಾಟಿ 2024ರಲ್ಲಿ ಸಿಂಧನೂರನ್ನು ಮುಟ್ಟಿತು. ತಲಕಲ್, ಕುಕನೂರು, ಯಲಬುರ್ಗಾಗಳ ಮೂಲಕ ಬರುವ ಗದಗ-ವಾಡಿ ಮಾರ್ಗದ ಕೆಲಸವೂ ಅದೇ ಅವಧಿಯಲ್ಲಿ ನಡೆದು, ಕುಷ್ಟಗಿಗೆ ರೈಲು ಬಂದದ್ದು 2025ರಲ್ಲಿ. ಇದರಲ್ಲಿ ಸಂಸದರ ಬೆನ್ನುಹತ್ತುವಿಕೆ ಎಷ್ಟು, ವೆಚ್ಚದಲ್ಲಿ ಪಾಲು ಹೊತ್ತ ರಾಜ್ಯ ಸರ್ಕಾರದ್ದೆಷ್ಟು, ರೈಲ್ವೆ ಇಲಾಖೆಯದ್ದೆಷ್ಟು ಎಂಬುದು ಚುನಾವಣಾ ಸಭೆಗಳಲ್ಲಿ ಚರ್ಚೆಯಾಗಬೇಕಿದ್ದ ವಿಷಯ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬುತ್ತಿದೆ, ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ಪ್ರತಿ ಹಂಗಾಮಿನಲ್ಲೂ ನೀರಿಗಾಗಿ ಬೀದಿಗಿಳಿಯುತ್ತಾರೆ, ಇದಕ್ಕೆ ಪರಿಹಾರವೆಂದು ಯೋಜಿಸಿದ ನವಲಿಯ ಸಮಾನಾಂತರ ಜಲಾಶಯ ಕಾಗದದಿಂದ ಕೆಳಗಿಳಿದಿಲ್ಲ. ಮೂರು ರಾಜ್ಯಗಳಿಗೆ ಸಂಬಂಧಿಸಿದ ಈ ವಿಷಯದಲ್ಲಿ ನಮ್ಮ ಸಂಸದರು ದೆಹಲಿಯಲ್ಲಿ ಏನು ಮಾಡಿದರು, ಎಲ್ಲಿ ಸೋತರು ಎಂದು ಕೇಳುವ ಕಾಲವೂ ಅದೇ ಆಗಿತ್ತು.

ನೆರೆಯ ಕ್ಷೇತ್ರಗಳಲ್ಲೂ ಪಕ್ಷಗಳ ನಡುವಿನ ಓಡಾಟ ಕಡಿಮೆಯಿಲ್ಲ. ರಾಯಚೂರಿನಲ್ಲಿ 2014ರಲ್ಲಿ ಕಾಂಗ್ರೆಸ್ಸಿನಿಂದ ಸಂಸದರಾದ ಬಿ.ವಿ. ನಾಯಕ್ ಆಮೇಲೆ ಬಿಜೆಪಿಗೆ ಹೋದರು. ಬಳ್ಳಾರಿಯ ಬಿ. ಶ್ರೀರಾಮುಲು 2011ರಲ್ಲಿ ಬಿಜೆಪಿ ಬಿಟ್ಟು ಪಕ್ಷೇತರರಾಗಿ ಉಪಚುನಾವಣೆ ಗೆದ್ದು, ಬಿಎಸ್ಆರ್ ಕಾಂಗ್ರೆಸ್ ಕಟ್ಟಿ, 2014ರಲ್ಲಿ ಬಿಜೆಪಿಗೇ ಮರಳಿ ಲೋಕಸಭೆಗೆ ಹೋದರು. ಇವರೆಲ್ಲ ಗೆದ್ದಿದ್ದಾರೆ, ಸೋತಿದ್ದಾರೆ. ಆದರೆ ಬಹುತೇಕ ತಮ್ಮ ಹೆಸರಿನಲ್ಲೇ ಕಣದಲ್ಲಿ ನಿಂತಿದ್ದಾರೆ.

ಸಂಗಣ್ಣನವರ ಬೆಂಬಲಿಗರು ಒಂದು ವಾದ ಮುಂದಿಡುತ್ತಾರೆ: ಅವರಿಗೆ ಬಂದ ಮತಗಳು ವ್ಯಕ್ತಿಗೆ ಬಂದವು, ಹಾಗಾಗಿ ಅವರು ಯಾವ ಪಕ್ಷದಲ್ಲಿದ್ದರೇನು? 1994ರ ಗೆಲುವನ್ನು ನೆನೆದರೆ ಇದರಲ್ಲಿ ಹುರುಳಿದೆ. ಆದರೆ 2014 ಮತ್ತು 2019ರ ಲೋಕಸಭಾ ಚುನಾವಣೆಗಳಲ್ಲಿ ಮತದಾರರು ಪ್ರಧಾನಿ ಯಾರಾಗಬೇಕೆಂದು ಯೋಚಿಸಿ ಮತ ಹಾಕಿದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಒಂದು ವೇಳೆ ಆ ಮತಗಳೆಲ್ಲ ವ್ಯಕ್ತಿಗೇ ಬಂದಿದ್ದವೆಂದು ಒಪ್ಪಿದರೂ, ಆ ಸಂಬಂಧ ವೈಯಕ್ತಿಕವೆಂದಾದರೆ ಉತ್ತರದಾಯಿತ್ವವೂ ವೈಯಕ್ತಿಕವಾಗಬೇಕಲ್ಲವೇ? ಅವರಿಗೆ 1994ರ ದಾರಿ ಗೊತ್ತಿತ್ತು. ಟಿಕೆಟ್ ತಪ್ಪಿದಾಗ ಪಕ್ಷೇತರರಾಗಿ ನಿಂತು, ಹತ್ತು ವರ್ಷದ ಕೆಲಸವನ್ನು ಮುಂದಿಟ್ಟು ಮತ ಕೇಳಿದ್ದರೆ ಬಹುಶಃ ಸೋಲುತ್ತಿದ್ದರು. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಪಕ್ಷದ ಬೂತ್ ಮಟ್ಟದ ಬಲವಿಲ್ಲದೆ ಗೆಲ್ಲುವುದು ಎಷ್ಟು ಕಠಿಣವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಆಗ ನನ್ನಂಥ ಮತದಾರನಿಗೆ ಅವರ ಹೆಸರಿನ ಮುಂದಿನ ಗುಂಡಿಯನ್ನು ಒತ್ತುವ, ಅಥವಾ ಯೋಚಿಸಿಯೇ ಒತ್ತದಿರುವ ಅವಕಾಶವಿರುತ್ತಿತ್ತು.