ಅಲಾಸ್ಕಾ ಕ್ರೂಸ್: ಬಾಲ್ಕನಿಗೆ ಸುರಿಯುವ ದುಡ್ಡು ದಂಡ

ಅಲಾಸ್ಕಾ ಕ್ರೂಸ್ ಬುಕ್ ಮಾಡುವವರು ಮೊದಲು ವಿಚಾರಿಸುವುದು ಬಾಲ್ಕನಿ ಇರುವ ಕ್ಯಾಬಿನ್ ಎಷ್ಟಕ್ಕೆ ಸಿಗುತ್ತದೆ ಅಂತ. ಮೊದಲು ವಿಚಾರಿಸಬೇಕಾದದ್ದು ಹಡಗು ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು. ಮೋಸವಾಗುವುದು ಅಲ್ಲೇ.

ಜಾಹೀರಾತಿನಲ್ಲಿ ಎಲ್ಲರೂ 'ಇನ್‌ಸೈಡ್ ಪ್ಯಾಸೇಜ್' ಎಂದೇ ಹಾಕಿರುತ್ತಾರೆ. ಮುಖ್ಯಭೂಮಿಗೂ ದ್ವೀಪಗಳ ಸಾಲಿಗೂ ನಡುವೆ ಇರುವ ಇಕ್ಕಟ್ಟಾದ, ಶಾಂತವಾದ ಜಲಮಾರ್ಗ ಅದು. ಎರಡೂ ದಡದಲ್ಲಿ ನೀರಿನ ಅಂಚಿನವರೆಗೂ ಇಳಿದು ಬಂದ ಕಾಡು. ಆದರೆ ಸಿಯಾಟಲ್‌ನಿಂದ ಹೊರಡುವ ಹಡಗುಗಳಲ್ಲಿ ಹೆಚ್ಚಿನವು ವ್ಯಾಂಕೂವರ್ ದ್ವೀಪದ ಹೊರಮಗ್ಗುಲಿನಲ್ಲಿ, ತೆರೆದ ಪೆಸಿಫಿಕ್‌ನಲ್ಲಿ ಸಾಗುತ್ತವೆ. ಮೊದಲ ಹಗಲು ಪೂರ್ತಿ ಬೂದು ನೀರು, ಜೊತೆಗೆ ಓಲಾಟ. ವ್ಯಾಂಕೂವರ್ ನಗರದಿಂದ ಹೊರಡುವ ಹಡಗುಗಳು ಲಯನ್ಸ್ ಗೇಟ್ ಸೇತುವೆಯ ಕೆಳಗೆ ನುಸುಳಿ ಒಳದಾರಿ ಹಿಡಿಯುತ್ತವೆ. ಆ ಸೇತುವೆಯ ಕೆಳಗೆ ಸುಮಾರು 61 ಮೀಟರ್ ಜಾಗ ಅಷ್ಟೇ. ಹಾಗಾಗಿ ವಾಟರ್ ಸ್ಲೈಡ್, ಗೋ ಕಾರ್ಟ್ ಹೊತ್ತ ಭಾರೀ ಹಡಗುಗಳೆಲ್ಲ ಸಿಯಾಟಲ್ ಪಾಲು. ಪ್ರಾಣಿ, ಬೆಟ್ಟ, ಹಿಮ ನೋಡುವ ಆಸೆಯಿದ್ದರೆ ವ್ಯಾಂಕೂವರ್‌ನಿಂದ ಹೊರಡುವ ಹಳೆಯ, ಸಣ್ಣ ಹಡಗನ್ನೇ ಹುಡುಕಿ.

ವೀಸಾ ವಿಷಯ. ಭಾರತೀಯ ಪಾಸ್‌ಪೋರ್ಟ್‌ನವರಿಗೆ ಅಮೆರಿಕದ ವೀಸಾ ಒಂದೇ ಸಾಲದು, ಕೆನಡಾದ್ದೂ ಬೇಕು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹಡಗಿಗೂ ಬೇಕು. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಬೇರೆ ದೇಶದ ಬಂದರನ್ನೂ ಮುಟ್ಟದೆ ಸುತ್ತಿಸಿಕೊಂಡು ಬರುವಂತಿಲ್ಲ ಎಂಬ 1886ರ ಕಾನೂನೊಂದು ಇದೆ. ಅದಕ್ಕೇ ಕೊನೆಯಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆ ನಾಲ್ಕಾರು ಗಂಟೆ ನಿಲ್ಲಿಸುತ್ತಾರೆ. ನಾವು ಕೆಳಗೆ ಇಳಿಯುವುದೇ ಇಲ್ಲ ಅಂದರೂ ಹಡಗು ಹತ್ತಿಸುವ ಕೌಂಟರಿನಲ್ಲಿ ಕೇಳುತ್ತಾರೆ. ಗ್ರೀನ್ ಕಾರ್ಡ್ ಇದ್ದವರಿಗೆ ಕೆನಡಾ ವೀಸಾ ಬೇಡ, ಎಚ್1ಬಿಯವರಿಗೆ ಬೇಕು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವ ಯೋಚನೆ ಇದ್ದರೆ ಅವರ ಕೆನಡಾ ವೀಸಾಕ್ಕೆ ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಿ. ಇದೊಂದರಿಂದಲೇ ಟಿಕೆಟ್ ದುಡ್ಡು ಕಳೆದುಕೊಳ್ಳುವವರಿದ್ದಾರೆ.

ಎರಡನೆಯದು ಹಿಮನದಿ. 'ಗ್ಲೇಸಿಯರ್ ವೀಕ್ಷಣೆ' ಎಂದು ಬರೆದಿರುವುದೆಲ್ಲ ಗ್ಲೇಸಿಯರ್ ಬೇ ಅಲ್ಲ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಕ್ಕೆ ದಿನಕ್ಕೆ ಎರಡೇ ಕ್ರೂಸ್ ಹಡಗು ಬಿಡುತ್ತಾರೆ. ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ನಾರ್ವೇಜಿಯನ್ ಕಂಪನಿಗಳ ಬಳಿಯೇ ಹೆಚ್ಚಿನ ಪರವಾನಗಿ ಇರುವುದು. ಉಳಿದವರು ಹಬ್ಬಾರ್ಡ್ ಗ್ಲೇಸಿಯರ್‌ಗೋ ಎಂಡಿಕಾಟ್ ಆರ್ಮ್ ಎಂಬ ಇಕ್ಕಟ್ಟಾದ ಕಡಲ ಕಣಿವೆಗೋ ಹೋಗುತ್ತಾರೆ. ಹಬ್ಬಾರ್ಡ್ ಕೂಡ ಅದ್ಭುತವೇ, ಮುಖದ ಅಗಲ ಹತ್ತಿರ ಹತ್ತಿರ 10 ಕಿಲೋಮೀಟರ್. ಆದರೆ ತೇಲುವ ಹಿಮಗಡ್ಡೆ ದಟ್ಟವಾಗಿದ್ದರೆ ದೂರದಿಂದಲೇ ಹಡಗು ತಿರುಗಿಸಿಬಿಡುತ್ತಾರೆ, ದುಡ್ಡು ವಾಪಸ್ ಬರುವುದಿಲ್ಲ. ಅಂಥದ್ದೇ ಇನ್ನೊಂದು ಕಣಿವೆ ಟ್ರೇಸಿ ಆರ್ಮ್ ಎಂದು ಬರೆದಿದ್ದರೆ ಮತ್ತೊಮ್ಮೆ ವಿಚಾರಿಸಿ. 2025ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಕುಸಿದು ದೈತ್ಯ ಅಲೆ ಎದ್ದ ಮೇಲೆ ಹಡಗುಗಳ ದಾರಿ ಬದಲಾಗಿದೆ.

ಈಗ ಬಾಲ್ಕನಿ. ಬಾಲ್ಕನಿಯಿಂದ ಕಾಣುವುದು ಒಂದು ಪಕ್ಕ ಮಾತ್ರ. ತಿಮಿಂಗಿಲ ನಿಮ್ಮ ಪಕ್ಕಕ್ಕೇ ಬರಬೇಕೆಂಬ ನಿಯಮವೇನೂ ಇಲ್ಲ, ಆಚೆ ಬದಿಯವರು ಕೂಗುವುದು ನಿಮಗೆ ಕೇಳುವುದೂ ಇಲ್ಲ. ಮುಂದಕ್ಕೆ, ಹಡಗು ಹೋಗುತ್ತಿರುವ ದಿಕ್ಕಿಗೆ ನೋಡಲಾಗುವುದಿಲ್ಲ ಎಂಬುದಂತೂ ದೊಡ್ಡ ಕೊರತೆ, ಏಕೆಂದು ಮುಂದೆ ಹೇಳುತ್ತೇನೆ. ಕಿಟಕಿಯೂ ಇಲ್ಲದ ಒಳಗಿನ ಕ್ಯಾಬಿನ್ ತೆಗೆದುಕೊಂಡು, ಉಳಿದ ದುಡ್ಡಿನಲ್ಲಿ ಒಳ್ಳೆಯ ಬೈನಾಕ್ಯುಲರ್, ಅಲಾಸ್ಕಾದ ರಾಜಧಾನಿ ಜೂನೋದಲ್ಲಿ ಸಣ್ಣ ದೋಣಿಯ ಸವಾರಿ ಎರಡನ್ನೂ ಮುಗಿಸಬಹುದು. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಮಾತ್ರ ಈ ಲೆಕ್ಕ ಬೇರೆ. ಅವರು ಕಂಬಳಿ ಹೊದ್ದು ಕೂತು ನೋಡಲು ಬಾಲ್ಕನಿ ನಿಜಕ್ಕೂ ಅನುಕೂಲ.

ನಿಲ್ಲಬೇಕಾದ ಜಾಗ ಪ್ರಾಮನಾಡ್ ಡೆಕ್, ಅಂದರೆ ಹಡಗಿನ ಸುತ್ತ ನಡೆದಾಡುವ ಕೆಳಗಿನ ಡೆಕ್. ನೀರಿಗೆ ಹತ್ತಿರ, ಮೇಲೆ ಸೂರು, ಒಂದು ಬದಿಯಿಂದ ಇನ್ನೊಂದಕ್ಕೆ ಅರ್ಧ ನಿಮಿಷದಲ್ಲಿ ಓಡಬಹುದು. ಮೇಲಿನ ತೆರೆದ ಡೆಕ್‌ನಲ್ಲಿ ನೋಟ ವಿಶಾಲ, ಹೌದು. ಆದರೆ ಗಾಳಿ, ಸಂಗೀತ, ಸೆಲ್ಫಿಯವರ ಮೊಣಕೈ. ನನಗಂತೂ ಅದು ಆಗಿಬರದು. ಗಾಜಿನ ಹಿಂದಿನ ಲೌಂಜ್‌ನಲ್ಲಿ ಬೆಚ್ಚಗೆ ಕೂತು ನೋಡಬಹುದಾದರೂ ಉಪ್ಪು ಕಟ್ಟಿದ ಗಾಜಿನಿಂದ ಫೋಟೋ ಬರುವುದಿಲ್ಲ, ತಿಮಿಂಗಿಲ ಉಸಿರು ಬಿಡುವ ಸದ್ದೂ ಕೇಳಿಸುವುದಿಲ್ಲ.

ಬೈನಾಕ್ಯುಲರ್ 8x42 ತೆಗೆದುಕೊಳ್ಳಿ, ಅಂದರೆ ಎಂಟು ಪಟ್ಟು ದೊಡ್ಡದು ಮಾಡುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವಂಥದ್ದು. 10x, 12x ಹೆಚ್ಚು ದೊಡ್ಡದು ಮಾಡುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಎಂಜಿನ್ನಿನ ನಡುಕ, ಗಾಳಿಯ ಹೊಡೆತ, ಎರಡೂ ಅಷ್ಟೇ ದೊಡ್ಡದಾಗುತ್ತವೆ. ನೋಟದ ಹರವೂ ಕುಗ್ಗುತ್ತದೆ. 42ನ್ನು 8ರಿಂದ ಭಾಗಿಸಿದರೆ ಬರುವ ಐದೂಕಾಲು ಮಿಲಿಮೀಟರ್ ಬೆಳಕಿನ ಕಿಂಡಿ ಮೋಡ ಕವಿದ ಸಂಜೆಗೆ ಸರಿಯಾಗಿ ಸಾಕಾಗುತ್ತದೆ. ಒಬ್ಬರಿಗೊಂದು ಇರಲಿ. ಇಬ್ಬರು ಹಂಚಿಕೊಂಡರೆ 'ಎಲ್ಲಿ, ಎಲ್ಲಿ' ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಟ್ರೈಪಾಡ್ ಮನೆಯಲ್ಲೇ ಇಡಿ, ಅದು ಡೆಕ್ಕಿನ ನಡುಕವನ್ನೇ ಕ್ಯಾಮೆರಾಕ್ಕೆ ಮುಟ್ಟಿಸುತ್ತದೆ. ಲೆನ್ಸ್ 400 ಮಿಲಿಮೀಟರ್‌ವರೆಗೆ ಇದ್ದರೆ ಒಳ್ಳೆಯದು, ಶಟರ್ ವೇಗ 1/1000ಕ್ಕಿಂತ ಕೆಳಗಿಳಿಸಬೇಡಿ. ಚಳಿಯಿಂದ ಒಳಗೆ ಬರುವ ಮುನ್ನ ಕ್ಯಾಮೆರಾ ಚೀಲದಲ್ಲಿ ಹಾಕಿ ಜಿಪ್ ಎಳೆಯಿರಿ, ಇಲ್ಲದಿದ್ದರೆ ಲೆನ್ಸ್ ಮೇಲೆ ಹಬೆ ಕೂತು ಬಹಳ ಹೊತ್ತು ಏನೂ ಕಾಣದು.

ತಿಮಿಂಗಿಲವನ್ನು ಬೈನಾಕ್ಯುಲರಿನಲ್ಲಿ ಹುಡುಕಬಾರದು, ಬರಿಗಣ್ಣಿನಲ್ಲಿ ಹುಡುಕಬೇಕು. ಹುಡುಕಬೇಕಾದ್ದು ಪ್ರಾಣಿಯನ್ನೂ ಅಲ್ಲ, ಅದರ ಉಸಿರನ್ನು. ಹಂಪ್‌ಬ್ಯಾಕ್ ತಿಮಿಂಗಿಲ ಮೇಲೆ ಬಂದಾಗ ಮೂರು ಮೀಟರ್ ಎತ್ತರಕ್ಕೆ ಬಿಳಿ ಹಬೆ ಚಿಮ್ಮುತ್ತದೆ. ಕಪ್ಪು ಕಾಡಿನ ದಡದ ಎದುರು ಅದು ಕಿಲೋಮೀಟರುಗಟ್ಟಲೆ ದೂರದಿಂದ ಕಾಣುತ್ತದೆ. ತೆರೆದ ನೀರಿನ ಕಡೆ, ಬಿಳಿ ಆಕಾಶದ ಎದುರು, ಕಾಣುವುದು ಕಷ್ಟ. ಆದ್ದರಿಂದ ಕಣ್ಣನ್ನು ದಡದ ಬುಡದಗುಂಟ ನಿಧಾನ ಸರಿಸುತ್ತಾ ಹೋಗಿ. ಸೀಗಲ್ ಹಕ್ಕಿಗಳು ಒಂದೇ ಕಡೆ ಮುಕುರಿಕೊಂಡು ಗಲಾಟೆ ಮಾಡುತ್ತಿದ್ದರೆ ಕೆಳಗೆ ಮೀನಿನ ಗುಂಪು ಇರುತ್ತದೆ, ತಿಮಿಂಗಿಲವೂ ಇರಬಹುದು.

ಹಂಪ್‌ಬ್ಯಾಕ್ ಒಂದರ ಹಿಂದೆ ಒಂದು ನಾಲ್ಕೈದು ಸಲ ಉಸಿರಾಡುತ್ತದೆ, ನಡುವೆ ಅರ್ಧ ನಿಮಿಷದಷ್ಟೂ ಬಿಡುವಿಲ್ಲ. ಆಮೇಲೆ ಬೆನ್ನು ಎತ್ತರಕ್ಕೆ ಬಾಗಿಸಿ, ಬಾಲ ಪೂರ್ತಿ ಮೇಲೆತ್ತಿ ಮುಳುಗುತ್ತದೆ. ಎಲ್ಲರೂ ಫೋಟೋ ತೆಗೆದು ಮತ್ತೆ ಬರಲಿ ಅಂತ ಅದೇ ಜಾಗ ನೋಡುತ್ತಾ ನಿಲ್ಲುತ್ತಾರೆ. ಬರುವುದಿಲ್ಲ. ಬಾಲ ಎತ್ತಿತು ಅಂದರೆ ಐದರಿಂದ ಹತ್ತು ನಿಮಿಷ ಕೆಳಗೇ. ಗಂಟೆಗೆ 30 ಕಿಲೋಮೀಟರ್ ವೇಗದ ಹಡಗು ಹತ್ತು ನಿಮಿಷದಲ್ಲಿ 5 ಕಿಲೋಮೀಟರ್ ದಾಟಿರುತ್ತದೆ. ಆ ತಿಮಿಂಗಿಲ ಮುಗಿಯಿತು, ಮುಂದಿನದ್ದನ್ನು ಹಡಗಿನ ಮೂತಿಯ ಕಡೆ ಹುಡುಕಿ. ಮುನ್ನೋಟ ಬೇಕು ಅಂದದ್ದು ಇದಕ್ಕೆ. ಬೆನ್ನು ಬಿಲ್ಲಿನಂತೆ ಬಾಗಿದ್ದು ಕಂಡ ಕೂಡಲೇ ಶಟರ್ ಒತ್ತಿ ಹಿಡಿದರೆ ಬಾಲದ ಫೋಟೋ ಸಿಗುತ್ತದೆ. ಬಾಲ ಕಂಡ ಮೇಲೆ ಒತ್ತಿದರೆ ನೀರಿನ ಫೋಟೋ.

ಓರ್ಕಾ, ಅಂದರೆ ಕಿಲ್ಲರ್ ವೇಲ್, ಬೇರೆ. ಹಬೆ ಚಿಕ್ಕದು, ಕಾಣುವುದು ಬೆನ್ನಿನ ರೆಕ್ಕೆ. ದೊಡ್ಡ ಗಂಡಿನದ್ದು ಆರಡಿ ಎತ್ತರ, ನೆಟ್ಟಗೆ. ನೀರನ್ನು ಸೀಳಿ ತುಂತುರು ಹಾರಿಸುತ್ತಾ ಅತಿ ವೇಗವಾಗಿ ಹೋಗುವ ಕಪ್ಪು ಬಿಳುಪು ಪ್ರಾಣಿ ಕಂಡು 'ಓರ್ಕಾ ಮರಿ' ಎಂದು ಕೂಗುವವರು ಪ್ರತಿ ಹಡಗಿನಲ್ಲೂ ಇರುತ್ತಾರೆ. ಅದು ಡಾಲ್ಸ್ ಪಾರ್ಪಾಯಿಸ್, ಡಾಲ್ಫಿನ್‌ನ ಹತ್ತಿರದ ನೆಂಟ. ಬೋಳು ಹದ್ದು ಎಂದು ನಾವು ಕರೆಯುವ ಬಾಲ್ಡ್ ಈಗಲ್ ಬೇಕಿದ್ದರೆ ದಡದ ಸ್ಪ್ರೂಸ್ ಮರಗಳ ತುದಿ ನೋಡಿ. ಕಡು ಹಸಿರಿನ ನಡುವೆ ಬಿಳಿ ಚುಕ್ಕೆ ಅಂದರೆ ಅದರ ತಲೆ.

ಹೊತ್ತು ಮುಖ್ಯ. ಜೂನ್‌ನಲ್ಲಿ ಜೂನೋ ಆಸುಪಾಸು ಬೆಳಿಗ್ಗೆ ನಾಲ್ಕಕ್ಕೇ ಸೂರ್ಯ, ರಾತ್ರಿ ಹತ್ತರವರೆಗೂ ಬೆಳಕು. ಊಟಕ್ಕೆ ಎರಡು ಪಾಳಿ ಇದ್ದರೆ ಮೊದಲನೆಯದನ್ನೇ ಕೇಳಿ. ಏಳರಿಂದ ಹತ್ತರವರೆಗೆ ಜನ ಶೋ, ಕ್ಯಾಸಿನೋ ಅಂತ ಒಳಗಿರುತ್ತಾರೆ, ಡೆಕ್ ನಿಮ್ಮದು. ತಿಂಗಳ ಆಯ್ಕೆಯಲ್ಲಿ, ಜನಜಂಗುಳಿ ಆಗದವರಿಗೆ ಮೇ ಒಳ್ಳೆಯದು. ಮಳೆ ಕಡಿಮೆ, ಬೆಟ್ಟದ ತುಂಬ ಹಿಮ, ದರವೂ ಇಳಿದಿರುತ್ತದೆ. ಆದರೆ ಹೊಳೆಗಳಿಗೆ ಸಾಲ್ಮನ್ ಮೀನು ಇನ್ನೂ ಬಂದಿರುವುದಿಲ್ಲ, ಹಾಗಾಗಿ ಹೊಳೆಯ ದಡಕ್ಕೆ ಕರಡಿಯೂ ಬರುವುದಿಲ್ಲ. ಕರಡಿ ಬೇಕೆಂದರೆ ಜುಲೈ ಕೊನೆ, ಆಗಸ್ಟ್.

ಗ್ಲೇಸಿಯರ್ ಬೇ ದಿನ ಬಂದರು ಇಲ್ಲ, ಹಡಗಿನಿಂದ ಇಳಿಯುವುದಿಲ್ಲ. ಬಾರ್ಟ್ಲೆಟ್ ಕೋವ್ ಬಳಿ ಪಾರ್ಕ್ ರೇಂಜರ್‌ಗಳು ಪುಟ್ಟ ದೋಣಿಯಲ್ಲಿ ಬಂದು, ಓಡುತ್ತಿರುವ ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಹಗ್ಗದ ಏಣಿ ಹಿಡಿದು ಹತ್ತುತ್ತಾರೆ. ಅದನ್ನು ನೋಡಲೆಂದೇ ಬೇಗ ಏಳಬಹುದು. ಹೆಚ್ಚಿನ ಜನ ಹಿಮನದಿ ಬಂದಾಗ ಹೊರಗೆ ಬಂದರಾಯಿತು ಎಂದು ತಿಂಡಿಗೆ ಕೂತುಬಿಡುತ್ತಾರೆ. ಪ್ರಾಣಿಗಳು ಇರುವುದು ಅದಕ್ಕೂ ಮುಂಚಿನ ದಾರಿಯಲ್ಲಿ. ಕೊಲ್ಲಿಯ ಬಾಯಿಯ ಹತ್ತಿರ ಮಲಗಿದಂತೆ ತೇಲುವ ಸೀ ಆಟರ್‌ಗಳು (ಕಡಲ ನೀರುನಾಯಿ), ಹಂಪ್‌ಬ್ಯಾಕ್‌ಗಳು. ಒಳಹೋಗುವಾಗ ಬಲಗಡೆ ಸೌತ್ ಮಾರ್ಬಲ್ ದ್ವೀಪ. ಬಂಡೆಯ ಮೇಲೆ ಕಂದು ಬಣ್ಣದ ಸೀ ಲಯನ್‌ಗಳ ರಾಶಿ, ಗಾಳಿ ನಿಮ್ಮತ್ತ ಬೀಸಿದರೆ ವಾಸನೆಯೂ ಬರುತ್ತದೆ. ಕಿತ್ತಳೆ ಕೊಕ್ಕಿನ ಪಫಿನ್ ಹಕ್ಕಿ ಸಿಗುವುದೂ ಇಲ್ಲೇ. ಮತ್ತೆ ಬಲಗಡೆಯೇ ಗ್ಲೂಮಿ ನಾಬ್ ಎಂಬ ಬೋಳು ಬೂದು ಬೆಟ್ಟ. ಅದರ ಮೇಲೆ ಬಿಳಿ ಚುಕ್ಕೆಗಳು ಜಾಗ ಬದಲಿಸಿದರೆ ಬೆಟ್ಟದ ಮೇಕೆ, ಬದಲಿಸದಿದ್ದರೆ ಹಿಮ. ಅಲ್ಲಿಂದ ಮುಂದೆ ಎಡಗಡೆ ರೀಡ್, ಲ್ಯಾಂಪ್ಲೂ ಹಿಮನದಿಗಳು.

ಕೊನೆಗೆ ಟಾರ್ ಇನ್ಲೆಟ್ ಎಂಬ ಕಿರುಕೊಲ್ಲಿಯಲ್ಲಿ ಮಾರ್ಜರಿ ಗ್ಲೇಸಿಯರ್. ನೀರಿನ ಮೇಲೆ ಸುಮಾರು 250 ಅಡಿ ಎತ್ತರದ ನೀಲಿ ಗೋಡೆ. ಪಕ್ಕದಲ್ಲಿ ಕಲ್ಲು ಮಣ್ಣು ಹೊತ್ತ ಕಪ್ಪು ದಿಬ್ಬದಂತಿರುವುದೂ ಹಿಮನದಿಯೇ, ಗ್ರ್ಯಾಂಡ್ ಪೆಸಿಫಿಕ್. ಬಹಳ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ. ಹಡಗು ಇಲ್ಲಿ ಸುಮಾರು ಒಂದು ಗಂಟೆ ನಿಂತು ನಿಧಾನ ಸುತ್ತು ತಿರುಗುತ್ತದೆ, ಎಡ ಬಲ ಎರಡೂ ಬದಿಗೆ ದರ್ಶನ. ಆದ್ದರಿಂದ ಜಾಗಕ್ಕಾಗಿ ಜಗಳ ಬೇಡ. ಮಂಜುಗಡ್ಡೆ ಕುಸಿಯುವುದನ್ನು ಕಾಣಬೇಕಾದರೆ ಸದ್ದಿಗೆ ಕಾಯಬೇಡಿ. ಕಾಲು ಮೈಲಿ ದೂರದಿಂದ ಸದ್ದು ಬರಲು ಒಂದು ಸೆಕೆಂಡಿಗೂ ಹೆಚ್ಚು ಬೇಕು, ತಿರುಗುವಷ್ಟರಲ್ಲಿ ಅರ್ಧ ಬಿದ್ದಾಗಿರುತ್ತದೆ. ಸಣ್ಣ ಚೂರುಗಳು ಪದೇ ಪದೇ ಉದುರುತ್ತಿರುವ ಜಾಗವನ್ನು ಗುರುತಿಸಿ, ವಿಡಿಯೋ ಹಾಕಿ ಹಾಗೇ ಬಿಡಿ. ದೊಡ್ಡದೂ ಸಾಮಾನ್ಯವಾಗಿ ಅಲ್ಲೇ ಬೀಳುವುದು. ಜಾನ್ಸ್ ಹಾಪ್ಕಿನ್ಸ್ ಇನ್ಲೆಟ್‌ಗೆ ಮೇ 1ರಿಂದ ಆಗಸ್ಟ್ 31ರವರೆಗೆ ಕ್ರೂಸ್ ಹಡಗು ಬಿಡುವುದಿಲ್ಲ. ಸೀಲ್‌ಗಳು ತೇಲುವ ಮಂಜಿನ ಮೇಲೆ ಮರಿ ಹಾಕುವ, ಸಾಕುವ ಕಾಲ. ಸೆಪ್ಟೆಂಬರಿನವರಿಗೆ ಅದೃಷ್ಟವಿದ್ದರೆ ಅದೂ ಸಿಗುತ್ತದೆ. ಹಿಮನದಿಯ ಮೇಲಿಂದ ಇಳಿಯುವ ಗಾಳಿ ಆಗಸ್ಟ್‌ನಲ್ಲೂ ಕೊರೆಯುತ್ತದೆ: ಟೋಪಿ, ಗ್ಲೌಸ್, ಮಳೆಗೂ ಗಾಳಿಗೂ ತಡೆಯುವ ಜಾಕೆಟ್. ಕೊಡೆ ಡೆಕ್ ಮೇಲೆ ಒಂದು ನಿಮಿಷ ನಿಲ್ಲದು. ಕೆಲವು ಹಡಗುಗಳಲ್ಲಿ ಈ ಹೊತ್ತಿಗೆ ಬಿಸಿ ಬಟಾಣಿ ಸೂಪ್ ಹಂಚುತ್ತಾರೆ. ಹಂದಿಮಾಂಸ ಇರುವುದುಂಟು, ಸಸ್ಯಾಹಾರಿಗಳು ಕೇಳಿಯೇ ಕುಡಿಯಿರಿ.

ಜೂನೋದಲ್ಲಿ ಹಡಗಿನವರೇ ಮಾರುವ ತಿಮಿಂಗಿಲ ಸವಾರಿಯಲ್ಲಿ 'ಕಾಣದಿದ್ದರೆ ಹಣ ವಾಪಸ್' ಎಂಬ ಭರವಸೆ ಇರುತ್ತದೆ. ಅದನ್ನು ನಂಬಿ ಹೆಚ್ಚು ಕೊಡಬೇಡಿ. ದೂರದಲ್ಲಿ ಒಂದು ಬೆನ್ನು ಕಂಡರೂ 'ಕಂಡಿದೆ' ಎಂದೇ ಲೆಕ್ಕ. ಬೇಸಿಗೆಯಲ್ಲಿ ಈ ದೋಣಿಗಳು ಹೊರಡುವ ಆಕ್ ಬೇ ಸುತ್ತ ಹಂಪ್‌ಬ್ಯಾಕ್ ಕಾಣದ ದಿನ ಇಲ್ಲವೆಂದೇ ಹೇಳಬಹುದು. ಭರವಸೆ ಕೊಟ್ಟವರಿಗೆ ನಷ್ಟವೇನೂ ಇಲ್ಲ. ಕೇಳಬೇಕಾದ್ದು ದೋಣಿಯಲ್ಲಿ ಎಷ್ಟು ಜನ, ನೀರಿನ ಮೇಲೆ ಎಷ್ಟು ಹೊತ್ತು ಎಂದು. ಮೂರೂವರೆ ಗಂಟೆಯ ಸವಾರಿ ಎಂದು ಮಾರಿ, ಬಸ್ಸಿನಲ್ಲಿ ಹೋಗಿ ಬರುವುದನ್ನೂ ಅದರಲ್ಲೇ ಸೇರಿಸಿರುತ್ತಾರೆ. ನೂರಾರು ಜನರ ದೋಣಿಗಿಂತ ಹತ್ತಿಪ್ಪತ್ತು ಜನರದ್ದು ವಾಸಿ. ಕಾನೂನಿನ ಪ್ರಕಾರ ಹಂಪ್‌ಬ್ಯಾಕ್‌ನಿಂದ 100 ಗಜ ದೂರ ಇರಲೇಬೇಕು. ಅದಕ್ಕಿಂತ ಹತ್ತಿರ ಒಯ್ಯುತ್ತೇನೆ ಎನ್ನುವವನ ದೋಣಿ ಹತ್ತಬೇಡಿ.

ಜೂನೋ ಪಕ್ಕದ ಮೆಂಡೆನ್‌ಹಾಲ್ ಗ್ಲೇಸಿಯರ್‌ಗೆ ಬಂದರಿನ ಶಟಲ್‌ಗಳು ಒಬ್ಬರಿಗೆ ನಲವತ್ತು ಡಾಲರ್ ದಾಟಿ ಕೇಳುತ್ತವೆ. ಊರ ಸಿಟಿ ಬಸ್ಸಿಗೆ ಎರಡು ಡಾಲರ್. ಚಿಲ್ಲರೆ ಇಟ್ಟುಕೊಳ್ಳಿ. ಇಳಿದ ಮೇಲೆ ಎರಡೂವರೆ ಕಿಲೋಮೀಟರ್ ನಡಿಗೆ ಇದೆ. ಹೋಗಿ ಬರಲು, ನೋಡಲು ನಾಲ್ಕು ಗಂಟೆಯಾದರೂ ಬೇಕು. ಅಲ್ಲಿನ ಸ್ಟೀಪ್ ಕ್ರೀಕ್ ಮೇಲೆ ಮರದ ಹಲಗೆ ದಾರಿ ಇದೆ. ಸಾಲ್ಮನ್ ಹತ್ತುವ ಕಾಲದಲ್ಲಿ ಕರಿಕರಡಿ ಅದರ ಕೆಳಗೇ ಮೀನು ಹಿಡಿಯುತ್ತಿರುತ್ತದೆ. ಕೈಚೀಲದಲ್ಲಿ ತಿಂಡಿ ಒಯ್ಯಬೇಡಿ.

ಊಟಕ್ಕೆ ಜೂನೋದ ಬಂದರು ಬದಿಯ ಮರ್ಚೆಂಟ್ಸ್ ವಾರ್ಫ್ ಕಟ್ಟಡದಲ್ಲಿರುವ ಪೆಲ್ಮೆನಿಗೆ ಹೋಗಿ. ಸಿಗುವುದು ರಷ್ಯನ್ ಕಡುಬು ಒಂದೇ, ಅದರಲ್ಲಿ ಎರಡು ಬಗೆ, ದನದ ಮಾಂಸದ್ದು ಮತ್ತು ಆಲೂಗಡ್ಡೆಯದ್ದು. ಸಸ್ಯಾಹಾರಿಗಳು 'ಪೊಟೇಟೊ' ಎಂದು ಎರಡು ಸಲ ಹೇಳಿ. ಬೆರಳ ಗೆಣ್ಣಿನಷ್ಟಿರುವ ಕಡುಬುಗಳನ್ನು ಬೇಯಿಸಿ, ಬೆಣ್ಣೆ ಸುರಿದು, ಮೇಲೆ ಕೆಂಪು ಖಾರದ ಸಾಸ್, ಕರಿ ಪೌಡರ್, ಕೊತ್ತಂಬರಿ ಸೊಪ್ಪು ಹಾಕಿ, ಪಕ್ಕದಲ್ಲಿ ಬ್ರೆಡ್ ಇಟ್ಟು ಕೊಡುತ್ತಾರೆ. ಕೊತ್ತಂಬರಿ ಸೊಪ್ಪು! ಹಡಗಿನ ಬಫೆಯ ಸಪ್ಪೆ ಪಾಸ್ತಾ ತಿಂದು ಸತ್ತ ನಾಲಿಗೆಗೆ ಅಷ್ಟೇ ಸಾಕು. ಕರಿ ಪೌಡರ್ ನಮ್ಮ ಮಸಾಲೆಯ ಹತ್ತಿರಕ್ಕೂ ಬಾರದು, ಆದರೂ ಬಿಸಿ ಬೆಣ್ಣೆಯಲ್ಲಿ ಚೆನ್ನಾಗಿ ಕೂಡುತ್ತದೆ. ಹಸಿವು ಎಷ್ಟೇ ಇರಲಿ, ಹೊಟ್ಟೆ ತುಂಬುತ್ತದೆ. ಎದುರಿನ ಬೀದಿಯಲ್ಲಿ ಏಡಿ ಕಾಲಿಗೆ ಕೊಡುವ ದುಡ್ಡಿನಲ್ಲಿ ಇಡೀ ಸಂಸಾರ ಇಲ್ಲಿ ಉಣ್ಣಬಹುದು. ಇನ್ನು ಹಡಗಿನಲ್ಲಿ, ಡೈನಿಂಗ್ ಹಾಲ್‌ನ ಮುಖ್ಯಸ್ಥರಿಗೆ ಮೊದಲ ರಾತ್ರಿಯೇ ಹೇಳಿದರೆ ಮಾರನೆಯ ದಿನದಿಂದ ದಾಲ್, ಪಲ್ಯ ಮಾಡಿಸಿಕೊಡುತ್ತಾರೆ. ಅಡುಗೆಯವರಲ್ಲಿ ಗೋವಾ, ಮಂಗಳೂರು ಕಡೆಯವರು ಇರುವುದುಂಟು, ಅದೃಷ್ಟವಿದ್ದರೆ ಸಾರೂ ಆದೀತು.

ಹಡಗು ನಿಲ್ಲುವ ಇನ್ನೊಂದು ಬಂದರು ಊರು ಕೆಚಿಕನ್‌ನಲ್ಲಿ ದುಡ್ಡು ಕೊಟ್ಟು ಯಾವ ಟೂರೂ ಬೇಡ. ಊರ ನಡುವೆ ಹರಿಯುವ ಕೆಚಿಕನ್ ಕ್ರೀಕ್‌ನ ಸೇತುವೆ ಮೇಲೆ ಆಗಸ್ಟ್‌ನಲ್ಲಿ ನಿಂತರೆ ಕೆಳಗೆ ಸಾಲ್ಮನ್ ಕಿಕ್ಕಿರಿದಿರುತ್ತದೆ, ಅದರ ಬೆನ್ನಿಗೆ ಸೀಲ್. ಮಳೆ ಇದ್ದೇ ಇರುತ್ತದೆ. ವರ್ಷಕ್ಕೆ ಸುಮಾರು 150 ಇಂಚು ಸುರಿಯುವ ಊರು. ಒಂದು ಎಚ್ಚರಿಕೆ: ಅಲಾಸ್ಕಾ ಸಮಯ ಸಿಯಾಟಲ್, ವ್ಯಾಂಕೂವರ್‌ಗಿಂತ ಒಂದು ಗಂಟೆ ಹಿಂದೆ. ಮೊಬೈಲ್ ಗಡಿಯಾರ ತನ್ನಷ್ಟಕ್ಕೆ ಬದಲಾಗುತ್ತಿರುತ್ತದೆ. ಹಡಗಿನ ಗಡಿಯಾರ ನೋಡಿಯೇ ಊರೊಳಕ್ಕೆ ಇಳಿಯಿರಿ, ತಡವಾದರೆ ಹಡಗು ಕಾಯುವುದಿಲ್ಲ.

ತಲೆಸುತ್ತು, ವಾಂತಿಯವರಿಗೆ ಒಳದಾರಿಯಲ್ಲಿ ಭಯವಿಲ್ಲ. ಕ್ವೀನ್ ಷಾರ್ಲೆಟ್ ಸೌಂಡ್ ದಾಟುವ ಕೆಲವು ಗಂಟೆ ಮಾತ್ರ ತೆರೆದ ಸಮುದ್ರ. ವಾಂತಿ ತಡೆಯುವ ಅವೋಮಿನ್ ಮಾತ್ರೆ ನುಂಗುವುದಾದರೆ ಓಲಾಟ ಶುರುವಾಗುವ ಮುಂಚೆ ನುಂಗಿ. ಅದು ನಿದ್ದೆ ಬರಿಸುತ್ತದೆ, ಹಾಗಾಗಿ ಗ್ಲೇಸಿಯರ್ ಬೇ ದಿನ ಬೇಡವೇ ಬೇಡ. ಅಲ್ಲಿ ನೀರು ಅಲುಗುವುದೂ ಇಲ್ಲ.

ವ್ಯಾಂಕೂವರ್‌ಗೆ ಮರಳುವ ಹಡಗಿನಲ್ಲಿ ಕೊನೆಯ ಸಂಜೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಡಗು ಆಗ ವ್ಯಾಂಕೂವರ್ ದ್ವೀಪದ ಒಳಮಗ್ಗುಲಿನ ಜಾನ್‌ಸ್ಟನ್ ಜಲಸಂಧಿಯಲ್ಲಿರುತ್ತದೆ. ಸೀಮೋರ್ ನ್ಯಾರೋಸ್ ಎಂಬ ಇಕ್ಕಟ್ಟಿನಲ್ಲಿ ಉಬ್ಬರವಿಳಿತದ ಸೆಳೆತ 15 ನಾಟ್‌ವರೆಗೂ (ಗಂಟೆಗೆ ಸುಮಾರು 28 ಕಿಲೋಮೀಟರ್) ಏರುವುದರಿಂದ ನೀರು ನಿಂತ ಹೊತ್ತು ನೋಡಿ ದಾಟಬೇಕು, ಅದಕ್ಕೆ ತಕ್ಕಂತೆ ಇಲ್ಲಿ ವೇಗ ಹೊಂದಿಸಿಕೊಳ್ಳುತ್ತಾರೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸಾಲ್ಮನ್ ಬೆನ್ನು ಹತ್ತಿ ಓರ್ಕಾ ಕುಟುಂಬಗಳು ಬರುವ ಜಾಗ ಇದು. ದಕ್ಷಿಣಕ್ಕೆ ಬರುವಾಗ ಬಲಗಡೆಗೆ ರಾಬ್ಸನ್ ಬೈಟ್, ಓರ್ಕಾಗಳು ದಡದ ಉರುಟು ಕಲ್ಲುಗಳಿಗೆ ಮೈ ಉಜ್ಜಲು ಬರುವ ಸಂರಕ್ಷಿತ ತಾಣ. ಆ ಹೊತ್ತಿಗೆ ಸರಿಯಾಗಿ ಹಡಗಿನ ಜನವೆಲ್ಲ ಕ್ಯಾಬಿನ್‌ನಲ್ಲಿ ಸೂಟ್‌ಕೇಸ್ ತುಂಬುತ್ತಿರುತ್ತಾರೆ, ರಾತ್ರಿ ಹತ್ತು ಹನ್ನೊಂದರೊಳಗೆ ಬಾಗಿಲ ಹೊರಗೆ ಇಡಬೇಕಲ್ಲ. ನೀವು ಮಧ್ಯಾಹ್ನವೇ ತುಂಬಿಸಿ ಮುಗಿಸಿ, ಬೈನಾಕ್ಯುಲರ್ ಮತ್ತು ಜಾಕೆಟ್ ಮಾತ್ರ ಹೊರಗಿಟ್ಟುಕೊಂಡು, ಬಲಬದಿಯ ಪ್ರಾಮನಾಡ್ ಡೆಕ್‌ಗೆ ಹೋಗಿ.