ಐಸೂ ಇಲ್ಲ, ನೀರೂ ಇಲ್ಲ

"ಐಸ್ ಇದೆ ಅಂತ ಮೇಲೆ ಬರೆದಿದ್ದಾರೆ. ಐಸೂ ಇಲ್ಲ, ನೀರೂ ಇಲ್ಲ. ನಾನು ಮುಟ್ಟಿಲ್ಲ ಮೇಡಂ."

ಸೋಮವಾರ ಬೆಳಿಗ್ಗೆ ಸೆಕ್ಯೂರಿಟಿ ಅಣ್ಣನ ಮುಖ ನೋಡಬೇಕಿತ್ತು. ಥರ್ಮಾಕೋಲ್ ಡಬ್ಬಿಯ ಟೇಪ್ ಬಿಚ್ಚಿದ್ದು ಅವರ ಎದುರಿಗೇ. ಪಾರ್ಸೆಲ್ ಬಂದದ್ದು ಶುಕ್ರವಾರ ಸಂಜೆ. ಕೊರಿಯರ್‌ನವನು ಒಂದು ಫೋನೂ ಮಾಡದೆ ಗೇಟಿನಲ್ಲಿ ಇಟ್ಟು ಹೋಗಿದ್ದ. ನನ್ನ ನಂಬರು ಡಬ್ಬಿಯ ಮೇಲೆ ಕುಂಬಳಕಾಯಿ ಗಾತ್ರದಲ್ಲಿತ್ತು!

ಅದು ಡ್ರೈ ಐಸ್. ಮೈನಸ್ 78 ಡಿಗ್ರಿಯ ಗಟ್ಟಿ ಕಾರ್ಬನ್ ಡೈಆಕ್ಸೈಡ್. ಕರಗಿ ನೀರಾಗುವುದಿಲ್ಲ, ಸೀದಾ ಗಾಳಿಗೆ ಸೇರಿಹೋಗುತ್ತದೆ. ತಳದಲ್ಲಿ ಉಳಿದಿದ್ದು ಕಿರುಬೆರಳಿನಷ್ಟು ಟ್ಯೂಬ್. ಒಳಗೆ 100 ಮೈಕ್ರೋಗ್ರಾಂ ಪ್ರೋಟೀನು, ನನ್ನ ಒಂದು ತಿಂಗಳ ಫೆಲೋಶಿಪ್ ದುಡ್ಡಿಗೆ ಹತ್ತಿರ ಹತ್ತಿರ.

ಅಣ್ಣ ಲೇಬಲ್ ಓದುತ್ತಿದ್ದರು. ರೀಕಾಂಬಿನೆಂಟ್ ಹ್ಯೂಮನ್ ಕಾರ್ಬಾನಿಕ್ ಅನ್‌ಹೈಡ್ರೇಸ್ 2. ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸುವಂತಿಲ್ಲ.

"ಹ್ಯೂಮನ್ ಅಂದ್ರೆ ಮನುಷ್ಯರದ್ದಾ?"

"ಹೌದಣ್ಣ."

"ಮೈಯಿಂದ ತೆಗೆದಿದ್ದಾ?"

"ಇಲ್ಲ. ನಮ್ಮ ಜೀನ್ ಹಾಕಿ, ಬ್ಯಾಕ್ಟೀರಿಯಾ ಕೈಲಿ ಮಾಡಿಸ್ತಾರೆ."

"ಹಾಗಾದ್ರೆ ಇದು ಯಾರದ್ದು?"

ನಕ್ಕು ಒಳಗೆ ಬಂದೆ. ಉತ್ತರ ಮಾತ್ರ ಹೊಳೆಯಲಿಲ್ಲ. ಯಾರದ್ದು?

ನಮ್ಮ ಸೀನಿಯರ್ ಒಬ್ಬರು "ಬಿಸಾಕು, ಹೊಸದು ತರಿಸು" ಎಂದರು. ಕೊಟೇಶನ್ ಹಿಡಿದು ಅಕೌಂಟ್ಸ್ ಮುಂದೆ ನಿಲ್ಲುವುದು ಅವರಲ್ಲವಲ್ಲ. ಟ್ಯೂಬಿನಲ್ಲಿದ್ದ ಪ್ರೋಟೀನು ಒಂದು ಕಿಣ್ವ, ಸ್ವಲ್ಪ ಗಟ್ಟಿ ಜೀವ. ನಮ್ಮ ಕೆಂಪು ರಕ್ತಕಣದಲ್ಲಿ ಇದರ ಒಂದೊಂದು ಅಣುವೂ ಸೆಕೆಂಡಿಗೆ ಸುಮಾರು 10 ಲಕ್ಷ ಕಾರ್ಬನ್ ಡೈಆಕ್ಸೈಡ್ ಅಣುಗಳನ್ನು ಬೈಕಾರ್ಬೊನೇಟ್ ಮಾಡಬಲ್ಲದು. ಅಂಥದ್ದನ್ನು ಅದೇ ಕಾರ್ಬನ್ ಡೈಆಕ್ಸೈಡಿನ ಹಾಸಿಗೆಯಲ್ಲಿ ಮಲಗಿಸಿ ಕಳಿಸುತ್ತಾರೆ. ತಮಾಷೆ ಅಲ್ವಾ?

ಮಧ್ಯಾಹ್ನ ಒಂದು ತೊಟ್ಟು ತೆಗೆದು ನೈಟ್ರೋಫಿನೈಲ್ ಅಸಿಟೇಟ್ ಜೊತೆ ಇಟ್ಟೆ. ಕಿಣ್ವ ಅದನ್ನು ಮುರಿದರೆ ಹಳದಿ ಬರಬೇಕು. ಐದು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಅರಿಶಿನದ ಕೈ ತೊಳೆದ ನೀರಿನಂತೆ ತೆಳ್ಳಗೆ ಹಳದಿ. ಪ್ಲೇಟಿನಲ್ಲಿ ಪಕ್ಕದ, ಕಿಣ್ವ ಹಾಕದ ಗುಂಡಿ ಇನ್ನೂ ತಿಳಿಯಾಗಿಯೇ ಇತ್ತು. ಹಳೆಯ ಟ್ಯೂಬಿನಷ್ಟು ಚುರುಕಿಲ್ಲ. ಪೇಪರಿಗೆ ಹಾಕುವ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಸತ್ತಿಲ್ಲ.

ರಾತ್ರಿ ಅಮ್ಮನ ಕಣ್ಣಿಗೆ ಡೋರ್ಜೊಲಮೈಡ್ ಹಾಕುವ ಹೊತ್ತು. ಗ್ಲಾಕೋಮಾಕ್ಕೆ ಕೊಟ್ಟ ಹನಿ. ಇದು ಕಣ್ಣೊಳಗೆ ಹೋಗಿ ತಡೆಯುವುದು ಇದೇ ಕಿಣ್ವವನ್ನು. ಆಗ ಕಣ್ಣಿನೊಳಗೆ ದ್ರವ ಊರುವುದು ಕಮ್ಮಿಯಾಗಿ ಒತ್ತಡ ಇಳಿಯುತ್ತದೆ. ಎರಡು ವರ್ಷದಿಂದ ಹಾಕುತ್ತಿದ್ದೇನೆ, ಎರಡು ವರ್ಷದಿಂದ ಲ್ಯಾಬಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಟ್ಯೂಬಿನೊಳಗಿನದು ಅಮ್ಮನದ್ದೂ ಹೌದು ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಬಾಟಲಿ ಹಿಡಿದು ಹಾಗೇ ನಿಂತುಬಿಟ್ಟೆ.

"ಉರಿಯೋ ಔಷಧಿ ಅದು, ಬೇಗ ಹಾಕೇ," ಅಮ್ಮ ಕತ್ತು ಎತ್ತಿಕೊಂಡೇ ಬೈದಳು.

ಮಂಗಳವಾರ ಗೇಟಿನಲ್ಲಿ ಹೇಳಿದೆ, "ಅಣ್ಣ, ಅದು ಪೂರ್ತಿ ಕೆಟ್ಟಿಲ್ಲ."

"ಗೊತ್ತಿತ್ತು ಮೇಡಂ," ಎಂದರು. "ಮೂರು ರಾತ್ರಿ ಫ್ಯಾನ್ ಅದರ ಕಡೆಗೇ ತಿರುಗಿಸಿ ಇಟ್ಟಿದ್ದೆ."